ಗಾಲಿಗೆ ಕುಡಿಸಿದ ನೀರು

ದಾವಲಸಾಬ್ ಕಾಕಾ, ಆ ಬೇರಿಂಗುಗಳನ್ನು ಕೆಡಿಸಿದವನು ನಾನು. ನಿಮ್ಮ ಕೈಯಲ್ಲ, ನೀವು ತುಂಬಿದ ಗ್ರೀಸ್ ಅಲ್ಲ — ನಾನು. ಅಂದೇ ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ತಲೆಯ ಮೇಲೆ ಹಾಕಿದೆ.

ಎಪ್ಪತ್ತರ ದಶಕದ ಮಾತು. ಅಣ್ಣಿಗೇರಿಯ ಶಿವಪ್ಪಣ್ಣನವರು ತಮ್ಮ ಕಾಳಿನ ಗೋದಾಮಿನ ಬಾಜು ತಗಡಿನ ಶೆಡ್ ಹಾಕಿ, ಎರೆ ಮಣ್ಣಿನ ಹಾದಿಗೆ ತಾಳುವಂಥ ಸಣ್ಣ ಮೋಟಾರು ಕಾರು ಮಾಡಲು ಹೊರಟಿದ್ದರು. ಊರವರು ನಕ್ಕರು, ಅವರು ಬಿಡಲಿಲ್ಲ. ಎರಡು ಕಾರು ಎದ್ದು ನಿಂತವು. ನೀವು ಫಿಟ್ಟರ್, ನಾನು ಓಡಿಸಿ ನೋಡುವವನು. ಚಕ್ಕಡಿ ಹೊಡೆಯುತ್ತಿದ್ದ ನನಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವರೂ ನೀವೇ. ಮಧ್ಯಾಹ್ನ ನಿಮ್ಮ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಮುರಿದು ನನಗೆ ಕೊಡುತ್ತಿದ್ದಿರಿ. ಉಂಡ ಮನೆಯ ಜಂತಿ ಎಣಿಸಿದವನು ಎಂದರೆ ನಾನೇ.

ಯಮನೂರಿನವರೆಗೆ ಹೋಗಿ ಬರುವುದು ನನ್ನ ದಿನದ ಪರೀಕ್ಷೆ. ಕೆಲವು ವಾರ ಕಳೆಯುವುದರೊಳಗೆ ಹಿಂದಿನ ಅಚ್ಚಿನ ಬೇರಿಂಗು ಕರಕರ ಎನ್ನುತ್ತಿತ್ತು. ಹೊಸದು ಹಾಕಿದರೆ ಅದರದೂ ಅದೇ ಗತಿ. ನನಗೋ ಹಟ — ಯಾಕೆ ಹೋಗುತ್ತದೆ, ನೋಡಿಯೇ ಬಿಡುತ್ತೇನೆ ಎಂದು. ಅಚ್ಚು ಬಾಗಿದೆಯೇ ಎಂದು ಇಬ್ಬರೂ ಬಿಚ್ಚಿ ತಿರುಗಿಸಿ ನೋಡಿದೆವು, ನೆಟ್ಟಗಿತ್ತು. ಹೇರು ಇಳಿಸಿ ಓಡಿಸಿದೆ, ಹೋಯಿತು. ಹುಬ್ಬಳ್ಳಿಯಿಂದ ಬೇರೆ ಗ್ರೀಸ್ ಬಂತು, ಆದರೂ ಹೋಯಿತು. ಬಿಚ್ಚಿದಾಗಲೆಲ್ಲ ಗುಂಡುಗಳ ಮೇಲೆ ಕೆಂಪು ಜಂಗು, ಗ್ರೀಸ್ ಮಜ್ಜಿಗೆಯಂತೆ ಬೆಳ್ಳಗೆ. ಕಡು ಬೇಸಿಗೆಯಲ್ಲಿ ಒಳಗೆ ನೀರು ಎಲ್ಲಿಂದ ಬಂತು?

ಉತ್ತರ ಯಮನೂರಿನ ಹಳ್ಳದಲ್ಲಿತ್ತು. ಬಿಸಿಲಿಗೆ ಕಟ್ಟಿಗೆ ಒಣಗಿ ಗಾಲಿಯ ಕಬ್ಬಿಣದ ಹಳಿ ಸಡಿಲಾಗಬಾರದೆಂದು ನಾವು ಚಕ್ಕಡಿಯನ್ನು ನೀರಿನಲ್ಲಿ ನಿಲ್ಲಿಸುತ್ತಿದ್ದೆವು. ಗಾಲಿಗೆ ನೀರು ಕುಡಿಸುವುದು ನಮ್ಮಪ್ಪ ನನಗೆ ಕಲಿಸಿದ ಜೋಪಾನ. ಅದೇ ಜೋಪಾನವನ್ನು ಕಾರಿಗೂ ಮಾಡುತ್ತಿದ್ದೆ — ದಿನಾ, ಓಡಿ ಕಾದ ಗಾಲಿಗಳನ್ನು ನೇರ ಮಡುವಿಗೆ ಇಳಿಸಿ, ಅಚ್ಚು ಮುಳುಗುವಷ್ಟು. ಯಾರಿಗೂ ಹೇಳಿರಲಿಲ್ಲ; ಅದು ಹೇಳುವಂಥ ಮಾತು ಎಂದೇ ಅನ್ನಿಸಿರಲಿಲ್ಲ. ಒಂದು ದಿನ ಸದ್ದು ಕೇಳಿ ದಂಡೆಯಲ್ಲೇ ಗಾಲಿ ಬಿಚ್ಚಿದೆ. ಬೇರಿಂಗಿನಿಂದ ಹಳ್ಳದ ನೀರು ಸೋರಿತು. ಕಾದ ಕಬ್ಬಿಣ ತಣ್ಣಗಾಗುತ್ತ ನೀರನ್ನು ಒಳಗೆ ಎಳೆದುಕೊಂಡಿತ್ತು.

ಶೆಡ್ಡಿಗೆ ಬಂದರೆ ಶಿವಪ್ಪಣ್ಣನವರು ಕಾಯುತ್ತ ನಿಂತಿದ್ದರು.

"ಬಸ್ಯಾ, ಇವತ್ತ ಹೇಳಬೇಕ ನೋಡು. ತಪ್ಪು ಯಾರದು?"

ಹೇಳಬೇಕೆಂದೇ ಬಾಯಿ ತೆರೆದೆ. ಚಕ್ಕಡಿ ಹೊಡೆಯುವವನ ಕೈಗೆ ಕಾರು ಕೊಟ್ಟರೆ ಇನ್ನೇನಾದೀತು ಎಂದು ಊರು ನಗುವುದು ಕಣ್ಣಿಗೆ ಕಟ್ಟಿತು. ಸ್ಟೇರಿಂಗ್ ಕೈಬಿಟ್ಟು ಹೋದರೆ —

"ಕಾಕಾನ ಕೈ ಮೊದಲಿನಂಗಿಲ್ರಿ ಅಣ್ಣಾರ. ಬೇರಿಂಗ್ ಸರಿ ಕುಂಡ್ರಸೂದಿಲ್ಲ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ನೀವು ಅಲ್ಲೇ ಇದ್ದಿರಿ. "ಲೇ ಬಸ್ಯಾ, ಖರೇನ?" ಎಂದಿರಿ, ಅಷ್ಟೇ. ಮರುದಿನದಿಂದ ನಿಮಗೆ ಅಲ್ಲಿ ಕೆಲಸವಿರಲಿಲ್ಲ.

ಗಾಲಿ ನೆನೆಸುವುದನ್ನು ನಾನು ಸದ್ದಿಲ್ಲದೆ ಬಿಟ್ಟೆ. ಬೇರಿಂಗು ಮತ್ತೆ ಹೋಗಲಿಲ್ಲ. "ನೋಡ್ರಿ, ದಾವಲ್ಯಾ ಹೋದ, ಪೀಡಾ ಹೋತು" ಅಂದರು ಜನ. ಥೂ ನನ್ನ ಜನ್ಮಕ್ಕೆ! ನನ್ನ ಸುಳ್ಳಿಗೆ ಕಾರೇ ಸಾಕ್ಷಿ ನುಡಿಯಿತು. ನಾನು ಹುಡುಕಿ ಕಂಡುಕೊಂಡ ಸತ್ಯವನ್ನು ನಿಮ್ಮನ್ನು ಹೂಳಲು ಬಳಸಿದೆ.

ಹೋದ ವರ್ಷ ಮೊರಬದ ಬಸ್ ನಿಲ್ದಾಣದಲ್ಲಿ ಸಿಕ್ಕಿರಿ. ಚುರುಮರಿ ಮಾರುತ್ತಿದ್ದಿರಿ.

"ಫಿಟ್ಟರ್ ಕೆಲಸ ಬಿಟ್ರೇನ್ರಿ ಕಾಕಾ?"

"ಆವಾಗ ಬಿಟ್ಟೆ ತಮ್ಮಾ. ನೀ ಅಂದದ್ದ ಖರೇ ಇತ್ತು. ನನ್ನ ಕೈಯಾಗ ಏನೋ ಕೆಟ್ಟಿತ್ತು. ನಿನ್ನ ಮ್ಯಾಲೆ ಸಿಟ್ಟಿಲ್ಲ, ಬಾ, ತಿನ್ನು."

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ, ಕಾಕಾ. ನೀವು ನನ್ನ ಸುಳ್ಳನ್ನು ನಂಬಿಬಿಟ್ಟಿದ್ದಿರಿ — ಇಪ್ಪತ್ತು ವರ್ಷ, ನಿಮ್ಮ ಕೈಗಳನ್ನೇ ದೂರುತ್ತ... ಕೊಟ್ಟದ್ದನ್ನು ತಿಂದು ಬಸ್ ಹತ್ತಿದೆ. ಆಗಲೂ ಹೇಳಲಿಲ್ಲ. ಇದಕ್ಕೆ ಹೆದರಿಕೆಯ ನೆಪವೂ ಇರಲಿಲ್ಲ.

ನಾಳೆ ಮೊರಬಕ್ಕೆ ಬರುತ್ತೇನೆ. ಆ ನಿಲ್ದಾಣದಲ್ಲೇ, ಜನರೆದುರು ಇದೆಲ್ಲವನ್ನೂ ಹೇಳುತ್ತೇನೆ. ಅಲ್ಲಿಂದ ಅಣ್ಣಿಗೇರಿಗೆ ಹೋಗಿ ಶಿವಪ್ಪಣ್ಣನವರಿಗೂ ಹೇಳುತ್ತೇನೆ. ಕ್ಷಮೆ ಕೇಳುವ ಬಾಯಿ ನನಗಿಲ್ಲ. ನಿಮ್ಮ ಕೈಯಲ್ಲಿ ಏನೂ ಕೆಟ್ಟಿರಲಿಲ್ಲ, ಕಾಕಾ. ಒಂದು ಸಲ ಹೇಳಿದರೆ ನೀವು ನಂಬಲಿಕ್ಕಿಲ್ಲ. ನಂಬುವವರೆಗೆ ದಿನಾ ಬರುತ್ತೇನೆ.