ತೊಳೆಯದೆ ಲಿಫ್ಟ್ ಹತ್ತಿದ ಕಾರು

ಹುರಿ ಹನ್ನೊಂದು ಅಂಗುಲ ಉದ್ದವಿತ್ತು, ಕಿರುಬೆರಳಿನಷ್ಟು ದಪ್ಪ. ತೆಂಗಿನ ನಾರಿನದು. ಅದನ್ನು ಹೊಸೆದದ್ದು ಯಾರ ಕೈಯೂ ಅಲ್ಲ, ಒಂದು ಕಾರಿನ ಹಿಂದಿನ ಚಕ್ರ ತಿರುಗಿಸುವ ಆಕ್ಸಲ್. ಈಗಲೂ ಅದು ನನ್ನ ಮೇಜಿನ ಡ್ರಾಯರಿನಲ್ಲಿದೆ.

ಎರಡು ವರ್ಷದ ಹಿಂದಿನ ಮಳೆಗಾಲ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ತಿಪಟೂರಿನ ಒಂದು ವರ್ಕ್‌ಶಾಪಿನಲ್ಲಿ ಸರ್ವಿಸ್ ಅಡ್ವೈಸರ್ ಆಗಿ ನಾನು ಸೇರಿ ಹದಿನಾಲ್ಕು ತಿಂಗಳಾಗಿತ್ತು. ಗ್ರಾಹಕರ ದೂರನ್ನು ಜಾಬ್ ಕಾರ್ಡಿನಲ್ಲಿ ಬರೆಯುವುದು, ಪರೀಕ್ಷೆಯಲ್ಲಿ ಏನು ಕಂಡುಬಂತೆಂದು ಬರೆದು ಸಹಿ ಹಾಕುವುದು ನನ್ನ ಕೆಲಸ.

ಹೊನ್ನವಳ್ಳಿ ಕಡೆಯ ಗಿರಿಜಮ್ಮನವರಿಗೆ ಐವತ್ತರ ಆಸುಪಾಸು. ತೋಟ ನೋಡಿಕೊಳ್ಳುವವರು ಅವರೇ. ಮೈದುನ ಶಿವಣ್ಣನ ಜೊತೆ ಪಾಲಿನಲ್ಲಿ ಕೊಂಡ ಕಾರನ್ನು ಓಡಿಸುವವರೂ ಅವರೇ. ಅದೊಂದು ಸಣ್ಣ ಆಲ್-ವೀಲ್-ಡ್ರೈವ್ ಕ್ರಾಸೋವರ್. ಇಂಥ ಕಾರನ್ನು ಸಾಮಾನ್ಯವಾಗಿ ಮುಂದಿನ ಚಕ್ರಗಳೇ ಎಳೆಯುತ್ತವೆ. ಅವು ಕೆಸರಿನಲ್ಲಿ ಜಾರಿದರೆ ಕಂಪ್ಯೂಟರ್ ಹಿಂದಿನ ಚಕ್ರಗಳಿಗೂ ಶಕ್ತಿ ಕಳಿಸುತ್ತದೆ. ಅದಕ್ಕಾಗಿ ಪ್ರತಿ ಚಕ್ರದ ಬಳಿ ವೇಗ ಅಳೆಯುವ ಸೆನ್ಸರ್ ಇರುತ್ತದೆ.

ಕಾಲೇಜಿನಲ್ಲಿ ನಾವು ಇದನ್ನು ಕಲಿಯಲು ಒಂದು ಸೆಮಿಸ್ಟರ್ ಓದಿದ್ದೆವು. ಗಿರಿಜಮ್ಮ ಹೇಳಿದ್ದು ಎರಡೇ ಮಾತು: "ಕೆಸರಲ್ಲಿ ಹೋಗೋವಾಗ ಹಿಂದಿಂದ ಯಾರೋ ತಳ್ಳಿದಂಗಾಗೋದು ಕಣವ್ವ. ಈಗ ತಳ್ಳೋರು ಕೈ ಬುಟ್ಟವ್ರೆ."

ಮೊದಲ ಸಲ ಬಂದಾಗ ಹಿಂದಿನ ಎಡಚಕ್ರದ ಸೆನ್ಸರ್ ಬದಲಾಯಿಸಿದೆವು. ಎರಡನೆಯ, ಮೂರನೆಯ ಸಲ ಹೈವೇಯಲ್ಲಿ ಓಡಿಸಿ ನೋಡಿದೆವು. ಡ್ಯಾಶ್‌ಬೋರ್ಡಿನಲ್ಲಿ ದೋಷ ತೋರಿಸುವ ಹಳದಿ ದೀಪ ಹತ್ತಲಿಲ್ಲ. 'ದೋಷ ಕಂಡುಬಂದಿಲ್ಲ' ಎಂದು ಬರೆದು ಸಹಿ ಹಾಕಿದವಳು ನಾನೇ.

ನಾಲ್ಕನೆಯ ಸಲ ಶಿವಣ್ಣನೂ ಜೊತೆಗೆ ಬಂದರು.

"ಗಾಡಿ ನೆಟ್ಟಗೈತೆ ಕಣ್ರೀ ಮೇಡಮ್. ಅತ್ತಿಗೆ ಕ್ಲಚ್ ಮೇಲೆ ಕಾಲಿಟ್ಕಂಡೇ ಓಡಿಸ್ತಾರೆ, ಅಷ್ಟೇಯ."

"ಇದ್ರಲ್ಲಿ ಕ್ಲಚ್ಚೇ ಇಲ್ವಲ್ಲಪ್ಪ, ಆಟೋಮ್ಯಾಟಿಕ್ಕು," ಎಂದರು ಗಿರಿಜಮ್ಮ. "ಒಂದಿನಾನಾದ್ರೂ ಓಡ್ಸಿದ್ರೆ ತಾನೆ ನಿಂಗೆ ಗೊತ್ತಾಗಾದು."

ಮೆಕ್ಯಾನಿಕ್‌ಗಳು ನಕ್ಕರು. ಶಿವಣ್ಣ ಕೆಂಪಗಾದರು. "ಆಯ್ತು ಬುಡಿ. ಓಡ್ಸೋದ್ರಲ್ಲೇ ತಪ್ಪೈತೆ ಅಂತ ಇವ್ರು ಬರ್ಕೊಟ್ರೆ ಕೀ ನನ್ ಕೈಗೆ ಕೊಡ್ತೀರ?"

"ಕೊಡ್ತೀನಿ. ಆಮೇಲೆ ಮುಟ್ಟೋದೂ ಇಲ್ಲ," ಎಂದವರೇ ನನ್ನ ಕಡೆ ತಿರುಗಿದರು. "ನೋಡ್ಬುಟ್ಟು ಬರಿಯವ್ವ."

ಮ್ಯಾನೇಜರ್ ಒಳಗೆ ಕರೆದರು. "ಮೂರು ಸಲ ನೀವೇ ನೋಡಿದೀರಿ. ಇನ್ನೇನ್ರೀ? ಚಾಲನೆಯ ದೋಷ ಅಂತ ಬರೆದು ಮುಗಿಸಿ."

ಪೆನ್ನು ತೆಗೆದವಳು ಹಳೆಯ ಮೂರು ಜಾಬ್ ಕಾರ್ಡುಗಳನ್ನು ಮುಂದೆ ಹರಡಿಕೊಂಡೆ. ಮೂರರಲ್ಲೂ ಮೊದಲ ಸಾಲು ಒಂದೇ: ವಾಟರ್ ವಾಷ್ ಆಗಿದೆ. ನಮ್ಮ ಕಡೆ ಮಳೆಗಾಲದಲ್ಲಿ ಬರುವ ಗಾಡಿಗಳೆಲ್ಲ ತಳಭಾಗಕ್ಕೆ ತೋಟದ ಮಣ್ಣು ಮೆತ್ತಿಕೊಂಡೇ ಬರುತ್ತವೆ. ಹಾಗೆಯೇ ಕಾರನ್ನು ಮೇಲೆತ್ತುವ ಲಿಫ್ಟಿಗೆ ಏರಿಸಿದರೆ ಮೆಕ್ಯಾನಿಕ್‌ನ ತಲೆಯ ಮೇಲೆ ಬೀಳುತ್ತದೆ. ಆದ್ದರಿಂದ ಮೊದಲು ನೀರು, ಆಮೇಲೆ ಲಿಫ್ಟ್. ಆ ಪದ್ಧತಿಯನ್ನು ಯಾರೂ ಪ್ರಶ್ನಿಸಿರಲಿಲ್ಲ, ನಾನೂ. ಎಂದರೆ, ಗಿರಿಜಮ್ಮ ತಂದ ಕಾರನ್ನು ನಾವು ಒಮ್ಮೆಯೂ ನೋಡಿರಲಿಲ್ಲ. ನೋಡಿದ್ದು ತೊಳೆದ ಕಾರನ್ನು.

ಹೊರಗೆ ಓಡಿದೆ. ಕಾರು ಆಗಲೇ ತೊಳೆಯುವ ಜಾಗದಲ್ಲಿ ನಿಂತಿತ್ತು.

"ನೀರು ಬಿಡಬೇಡಿ. ಹೀಗೇ ಲಿಫ್ಟಿಗೆ ಹಾಕಿ."

ಹಿಂದೆಯೇ ಬಂದ ಮ್ಯಾನೇಜರ್ ದನಿ ಏರಿಸಿದರು. "ಫ್ಲೋರ್ ಯಾರ್ರೀ ತೊಳೀತಾರೆ?"

"ನಾನು."

"ಏನೂ ಸಿಗದಿದ್ರೆ?"

"ಆಗಲೂ ಅವರ ಚಾಲನೆ ತಪ್ಪು ಅಂತ ಬರಿಯಲ್ಲ ಸರ್. ಅವರು ಓಡಿಸೋದನ್ನ ನಾನು ನೋಡಿಲ್ಲ."

ಲಿಫ್ಟ್ ಏರಿತು. ಮಣ್ಣು ನನ್ನ ಕೂದಲಿಗೆ, ಹೆಗಲಿಗೆ ಉದುರಿತು. ಟಾರ್ಚ್ ಹಿಡಿದು ಹಿಂದಿನ ಎಡಚಕ್ರದ ಬಳಿ ಹೋದೆ. ಆಕ್ಸಲ್ಲಿಗೆ ನಾರು ಸುತ್ತಿಕೊಂಡು ಹುರಿಯಾಗಿತ್ತು. ಅದು ಪಕ್ಕಕ್ಕೆ ಒತ್ತಿದ್ದರಿಂದ ಸೆನ್ಸರಿನ ತಂತಿ ತಂಬೂರಿಯ ತಂತಿಯಂತೆ ಬಿಗಿದು ನಿಂತಿತ್ತು. ತಂತಿಯ ಕೊನೆಯ ಪ್ಲಗ್ ಒಂದು ಉಗುರಿನಷ್ಟು ಹೊರಬಂದಿತ್ತು.

ತೇವ ಉಳಿಯಲೆಂದು ತೆಂಗಿನ ಬುಡಕ್ಕೆ ಸಿಪ್ಪೆ, ನಾರು ಹರಡುವುದು ಇಲ್ಲಿನ ರೂಢಿ. ಅದರ ಮೇಲೆ ಓಡಾಡಿದ ಕಾರಿಗೆ ಒದ್ದೆ ನಾರು ಸುತ್ತಿಕೊಂಡಿದೆ. ಪ್ಲಗ್ ಸಡಿಲವಾದಾಗ ಒಂದು ಚಕ್ರದ ಲೆಕ್ಕ ಸಿಗದೆ ಕಂಪ್ಯೂಟರ್ ಹಿಂದಿನ ಚಕ್ರಗಳಿಗೆ ಶಕ್ತಿ ಕಳಿಸುವುದನ್ನೇ ನಿಲ್ಲಿಸಿದೆ. ನಮ್ಮ ನೀರಿನ ರಭಸಕ್ಕೆ ನಾರು ಕಿತ್ತುಹೋಗಿ, ತಂತಿ ಸಡಿಲಗೊಂಡು, ಪ್ಲಗ್ ಮತ್ತೆ ತಾಗಿಕೊಂಡಿದೆ. ಸಾಕ್ಷಿಯನ್ನು ಮೂರು ಸಲ ತೊಳೆದುಹಾಕಿದವರು ನಾವೇ.

ಫೋಟೋ ತೆಗೆದು, ಹುರಿ ಕತ್ತರಿಸಿ ಗಿರಿಜಮ್ಮನ ಕೈಗಿಟ್ಟೆ. ಅವರು ಬೆರಳಲ್ಲಿ ತಿರುವಿ ನೋಡಿದರು. "ನಮ್ಮಜ್ಜಿ ಇದ್ಕಿಂತ ಬಿಗಿಯಾಗಿ ಹೊಸೀತಿದ್ಲು," ಎಂದು ಶಿವಣ್ಣನಿಗೆ ದಾಟಿಸಿದರು. "ತಗಳಪ್ಪ, ಕ್ಲಚ್ಚು."

ಶಿವಣ್ಣ ಅದನ್ನು ನನಗೆ ವಾಪಸು ಕೊಟ್ಟರು.

ತಂತಿಯನ್ನು ಆಕ್ಸಲ್‌ನಿಂದ ದೂರಕ್ಕೆ ಸರಿಸಿ ಬಿಗಿಸಿದೆವು. ಜಾಬ್ ಕಾರ್ಡಿನಲ್ಲಿ ಬರೆದೆ: 'ಚಾಲನೆಯ ದೋಷವೆನ್ನಲು ಏನೂ ಇಲ್ಲ. ಹಿಂದಿನ ಮೂರು ಪರೀಕ್ಷೆಗಳನ್ನು ಕಾರು ತೊಳೆದ ನಂತರ ಮಾಡಲಾಗಿತ್ತು. ಅದು ನಮ್ಮ ತಪ್ಪು.' ಕೊನೆಯ ವಾಕ್ಯ ಹೊಡೆದುಹಾಕಿ ಎಂದರು ಮ್ಯಾನೇಜರ್. ಹೊಡೆಯಲಿಲ್ಲ. ಸಹಿ ಹಾಕಿ ಗಿರಿಜಮ್ಮನಿಗೆ ಪ್ರತಿ ಕೊಟ್ಟೆ. ಅವರು ಅದನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡು ಡ್ರೈವರ್ ಸೀಟಿನಲ್ಲಿ ಕುಳಿತರು. ಶಿವಣ್ಣ ಪಕ್ಕದಲ್ಲಿ ಕುಳಿತರು. ಆಮೇಲೆ ನಾನು ಫ್ಲೋರ್ ತೊಳೆದೆ. ನಲವತ್ತು ನಿಮಿಷ ಹಿಡಿಯಿತು.

ಗಾಡಿ ಓಡಿಸುವವರ ಮಾತು ಬರೀ ದೂರು ಅಲ್ಲ, ಅದೇ ಮೊದಲ ಪರೀಕ್ಷೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ, ಪೈಪಿನ ತುದಿಯ ವಾಟರ್ ಗನ್ ಬಿಚ್ಚಿ ನನ್ನ ಡ್ರಾಯರಿನಲ್ಲಿ ಆ ಹುರಿಯ ಪಕ್ಕ ಇಟ್ಟು ಬೀಗ ಹಾಕಿದೆ. ಮೊದಲ ಕಾರು ಕೆಸರು ಸಮೇತ ಲಿಫ್ಟ್ ಏರಿ ಇಳಿದ ಮೇಲೆಯೇ ತೆಗೆದುಕೊಟ್ಟೆ.