ಗಂಡಿನ ಹೆಸರಿನ ಫೋಲ್ಡರುಗಳು

ಮಳವಳ್ಳಿಯಲ್ಲಿ ಶಿವರಾಮುವಿನ ಫೋಟೋ ಸ್ಟುಡಿಯೋ ಎಲ್ಲರಿಗೂ ಗೊತ್ತು. ಅದರ ಹಿಂದೆ, ಅಡುಗೆಮನೆಗೆ ಅಂಟಿಕೊಂಡ ಕೋಣೆಯಲ್ಲಿ ಒಂದು ಸರ್ವರ್ ಇದೆ. ಹದಿಮೂರು ವರ್ಷದ ಮದುವೆಗಳೆಲ್ಲ ಅದರೊಳಗಿವೆ. ನೋಡಿಕೊಳ್ಳುವವಳು ಅವನ ಹೆಂಡತಿ ಕುಸುಮ. ಯಾವ ಮದುವೆಯಲ್ಲಿ ಯಾರು ಅತ್ತರು, ಯಾವ ಹುಡುಗಿ ಒಮ್ಮೆಯೂ ನಗಲಿಲ್ಲ, ಅವಳಿಗೆ ಗೊತ್ತು. ಆ ಮದುವೆಗಳಿಗೆ ಅವಳನ್ನು ಮಾತ್ರ ಯಾರೂ ಕರೆದವರಲ್ಲ.

ಫೈಲುಗಳನ್ನು ಜೋಡಿಸಿಡುವ ಸಾಫ್ಟ್‌ವೇರ್ ಹಳತಾಗಿತ್ತು. ಮಂಗಳವಾರ ಕುಕ್ಕರ್ ಇಟ್ಟು, ಹೊಸ ಆವೃತ್ತಿ ಹಾಕಿ, ಫೋಟೋಗಳನ್ನು ಹೊಸ ಡಿಸ್ಕಿಗೆ ಸಾಗಿಸಲು ಕೂತಳು. ಮೊದಲು ವರ್ಷಕ್ಕೊಂದು ವಿಭಾಗವಿತ್ತು; ಈಗ ಎಲ್ಲಕ್ಕೂ ಒಂದೇ ಪಟ್ಟಿ. ಒಂದೇ ಹೆಸರಿನ ಎರಡು ಫೋಲ್ಡರ್ ಸಿಕ್ಕರೆ ಏನು ಮಾಡಲಿ ಎಂದು ಅದು ಕೇಳಿತು. ಶಿವರಾಮುವಿಗೆ ಒಂದೇ ಮದುವೆಯನ್ನು ಎರಡು ಸಲ ತುಂಬಿಸುವ ಚಾಳಿ. ‘ಹೊಸದನ್ನು ಮಾತ್ರ ಉಳಿಸು’ ಎಂದು ಒತ್ತಿ, ಕೂಗುತ್ತಿದ್ದ ಕುಕ್ಕರ್ ಇಳಿಸಲು ಎದ್ದಳು.

ಗುರುವಾರ ಗಂಡನ ಫೋನು.

“ಹಳೇ ಡಿಸ್ಕು ಅಳಿಸ್ದ್ಯಾ? ನಾಳೆ ಮದ್ದೂರು ಮದ್ವೆಗೆ ಬೇಕು ಕಣೆ.”

“ಎಂಟು ದಿನ ಇರ್ಲಿ.”

“ಇಟ್ಕೊಂಡು ಪೂಜೆ ಮಾಡ್ತೀಯಾ? ಅಳಿಸ್ಬುಡು. ಬಟನ್ ಒತ್ತೋದ್ ತಾನೆ ನಿನ್ ಕೆಲ್ಸ?”

ಹೆಪ್ಪಿಗೆಂದು ಒಂದು ಚಮಚ ಎತ್ತಿಡದೆ ಮೊಸರಿನ ಪಾತ್ರೆ ತೊಳೆಯುವವಳಲ್ಲ ಅವಳು. ಆದರೂ ಹಳೆಯ ಡಿಸ್ಕು ಸಿಕ್ಕಿಸಿದಳು. ‘ಎಲ್ಲವನ್ನೂ ಅಳಿಸಲೇ?’ ಎಂಬ ಪ್ರಶ್ನೆ ಪರದೆಯ ಮೇಲೆ ಬಂದಾಗ ಅಂಗಡಿಯ ಬಾಗಿಲಲ್ಲಿ ಯಾರೋ ಕೆಮ್ಮಿದರು.

ಬಸ್ಸಿನ ಧೂಳು ಮೆತ್ತಿದ ಸೀರೆಯ ಮುದುಕಿ. ಹೆಸರು ಸಣ್ಣತಾಯಮ್ಮ.

“ಪಟದೋರು ಇಲ್ವೇನವ್ವ?”

“ನಂಗೇ ಹೇಳಿ ಅಮ್ಮ.”

“ನನ್ ಮಗಳ ಮದ್ವೆ ಪಟ ಬೇಕಾಗಿತ್ತು. ತೀರ್ಕೊಂಡು ಮೂರು ವರ್ಸ ಆಯ್ತು. ಆಲ್ಬಮ್ಮು ಅಳಿಯನ ಮನೇಲೇ ಉಳ್ಕತು. ಒಂದ್ ಪಟಾನೂ ಕೊಡ್ನಿಲ್ಲ.”

“ಮದುವೆ ಗಂಡಿನ ಹೆಸರು?”

“ಸತ್ತೋಳು ನನ್ ಮಗ್ಳು. ಅವನ್ ಎಸ್ರು ಯಾಕವ್ವ?”

“ಗಂಡಿನ ಹೆಸರಲ್ಲೇ ಇಡೋದು, ಅಮ್ಮ.”

“ರವಿಚಂದ್ರ. ಹಲಗೂರು.”

ಕುಸುಮ ಅವಳನ್ನು ಒಳಕೋಣೆಗೆ ಕರೆದು, ಹೊಸ ಪಟ್ಟಿಯಲ್ಲಿ ಆ ಫೋಲ್ಡರ್ ತೆರೆದಳು. ಕೆಂಪು ಸೀರೆಯ ಹುಡುಗಿ ಬಾಯ್ತುಂಬ ನಗುತ್ತಿದ್ದಳು.

“ಗಂಡೇನೋ ಅವ್ನೇ,” ಎಂದಳು ಮುದುಕಿ. “ಇವ್ಳು ನನ್ ಮಗಳಲ್ಲ. ಇವ್ಳು ಆಮೇಲೆ ಬಂದೋಳು.”

ಕುಸುಮ ಫೋಲ್ಡರಿನ ಹೆಸರನ್ನು ಮತ್ತೊಮ್ಮೆ ಓದಿದಳು. ಅದೇ ಗಂಡು, ಅದೇ ಊರು, ಅದೇ ಹೆಸರು. ಹೊಸದು ಮಾತ್ರ ಉಳಿದಿತ್ತು. ಅಳಿಸುವ ಪ್ರಶ್ನೆಗೆ ‘ಬೇಡ’ ಒತ್ತಿ, ಹಳೆಯ ಡಿಸ್ಕಿನಲ್ಲಿ ವರ್ಷ ವರ್ಷ ಹಿಂದಕ್ಕೆ ಹೋದಳು. ಸಿಕ್ಕಿತು. ಒಮ್ಮೆಯೂ ನಗದಿದ್ದ ಹುಡುಗಿ.

ಮುದುಕಿ ಪರದೆಯನ್ನು ಸೆರಗಿನಿಂದ ಒರೆಸಿದಳು, ಧೂಳು ಅದರಲ್ಲಿದೆಯೇನೋ ಎಂಬಂತೆ.

“ಮಗಳ ಹೆಸರೇನಮ್ಮ?”

“ಮೋಹಿನಿ ಕನವ್ವ.”

ಮುದ್ರಿಸಿಕೊಟ್ಟ ಪಟ ಹಿಡಿದು ಮುದುಕಿ ಹೋದ ಮೇಲೆ ಫೋನು ಮತ್ತೆ ಬಡಿದುಕೊಂಡಿತು.

“ಅಳಿಸ್ದ್ಯಾ?”

“ಇಲ್ಲ. ನಾಳೆಗೆ ಹೊಸದೊಂದು ತಗೊಳ್ಳಿ,” ಎಂದು ಇಟ್ಟಳು.

ಆ ಫೋಲ್ಡರಿಗೆ ಮೋಹಿನಿಯ ಹೆಸರಿಟ್ಟು ಹೊಸ ಪಟ್ಟಿಗೆ ಸೇರಿಸಿದಳು. ಮತ್ತೆ ಮೊದಲಿಂದ ಶುರು ಮಾಡಿದಳು: ಒಂದೊಂದೇ ಮದುವೆ ತೆರೆದು, ಮಂಟಪದ ಹಿಂದಿನ ಹೂವಿನ ಬೋರ್ಡಿನಲ್ಲಿ ಹೆಣ್ಣಿನ ಹೆಸರು ಓದಿ, ಬರೆಯುವುದು. ಕೆಲವು ಮದುವೆಗಳಲ್ಲಿ ನೆಂಟರು ಬೋರ್ಡಿಗೆ ಅಡ್ಡ ನಿಂತಿದ್ದರು. ಆ ಹುಡುಗಿಯರ ಮುಖ ಅವಳಿಗೆ ಚೆನ್ನಾಗಿ ಗೊತ್ತು. ಹೆಸರು ಕೇಳಲು ಮಾತ್ರ ಆ ಕೋಣೆಯಲ್ಲಿ ಯಾರೂ ಇರಲಿಲ್ಲ.