ಹತ್ತು ಗೇಮಿನ ಬಾಜಿ

ಗಂಟೆಗಟ್ಟಲೆ ಚೌಕಾಸಿ ಮಾಡುವ ಗಿರಾಕಿ ಕಡೆಗೆ ಒಂದು ಕರ್ಚೀಫ್ ಕೊಂಡು ಹೋಗುತ್ತಾನೆ ಎಂದು ದುಬೈಯ ನೈಫ್ ಪೇಟೆಯ ಬಟ್ಟೆ ಅಂಗಡಿಯಲ್ಲಿ ಹೊಸಬರಿಗೆಲ್ಲ ಪಾಠ ಹೇಳುತ್ತಿದ್ದವರು ವಾಮನ ಸುವರ್ಣರೇ. ಟೆನಿಸ್ ಎದುರು ಮಾತ್ರ ಆ ಬುದ್ಧಿ ಅಂಗಡಿಯಲ್ಲೇ ಉಳಿಯಿತು. ಹೆಂಡತಿ ಶಶಿಕಲಾಳನ್ನು ಉಡುಪಿಯಿಂದ ಕರೆಸಿಕೊಳ್ಳಲು ಅಲ್ ಮುರಕ್ಕಬಾತಿನಲ್ಲಿ ಫ್ಲಾಟ್ ನೋಡಿಟ್ಟಿದ್ದರು. ಅದರ ಅಡ್ವಾನ್ಸಿನ ಹಣವನ್ನೆಲ್ಲ, ಆ ದಿನ ಟೀವಿಯಲ್ಲಿ ಬರುತ್ತಿದ್ದ ಪಂದ್ಯದ ಮೊದಲ ಸೆಟ್ಟಿನಲ್ಲಿ ಹತ್ತು ಗೇಮಾದರೂ ಆಗುತ್ತದೆಂದು ಫೋನಿನಲ್ಲೇ ಬಾಜಿ ಕಟ್ಟಿದರು.

"ಮಣ್ಣಿನ ಕೋರ್ಟ್ ಮಾರಾಯ, ಚೆಂಡು ನಿಧಾನ ಬರ್ತದೆ. ಆಟ ಮುಗಿಯುವುದೇ ಇಲ್ಲ," ಎಂದರು ರೂಮಿನ ಜೊತೆಗಾರ ಕೀರ್ತನನಿಗೆ.

ಒಂದೊಂದು ಗೇಮೂ ಚಹಾ ಆರುವಷ್ಟು ಹೊತ್ತು ಎಳೆಯಿತು, ನಿಜ. ಆದರೆ ಒಬ್ಬ ಆರು ಗೇಮು ಗೆದ್ದರೆ ಸೆಟ್ ಮುಗಿಯಿತು; ಗೆಲ್ಲುತ್ತಿದ್ದವನು ಹೆಚ್ಚುಕಡಿಮೆ ಒಬ್ಬನೇ. ಗಂಟೆ ಕಳೆದು ಸೆಟ್ ಆರು-ಎರಡಕ್ಕೆ ಮುಗಿದಾಗ ಆಗಿದ್ದದ್ದು ಎಂಟೇ ಗೇಮು.

"ಖಲಾಸ್ ವಾಮನಣ್ಣ! ನಿಮ್ಮ ಚೌಕಾಸಿ ಗಿರಾಕಿಯೇ ಬಂದದ್ದು. ಕರ್ಚೀಫ್ ತಗೊಂಡು ಹೋದ," ಎಂದ ಕೀರ್ತನ್.

ಅಷ್ಟರಲ್ಲಿ ಶಶಿಕಲಾಳ ಫೋನ್ ಬಂತು. "ಪರದೆ ಹೊಲಿಸ್ಲಿಕ್ಕೆ ಕೊಡ್ತೇನೆ. ಫ್ಲಾಟಿನ ಕಿಟಕಿ ಎಷ್ಟು ಅಗಲ ಉಂಟು, ಹೇಳಿ."

ವಾಮನರು ನಾಲ್ವರ ಆ ರೂಮಿನಲ್ಲಿ ತಮ್ಮ ಮಂಚಕ್ಕೆ ಮರೆಗೆಂದು ಇಳಿಬಿಟ್ಟಿದ್ದ ಹಳೆಯ ಪರದೆಯನ್ನು ಗೇಣಿನಲ್ಲಿ ಅಳೆದು, ಅದೇ ಅಳತೆ ಹೇಳಿದರು.